ಕೀಲುನೋವಿನ ದಿನಚರಿ

“ಹೇಗಿದ್ದೀರಮ್ಮ?” ಎಂದು ವೈದ್ಯರು ಕೇಳುತ್ತಾರೆ. “ಪರವಾಗಿಲ್ಲ ಡಾಕ್ಟರೇ” ಎಂದು ಉತ್ತರ ಬರುತ್ತದೆ. ಜಯನಗರ, ಜೆ.ಪಿ. ನಗರ, ಬನಶಂಕರಿಗಳ ಚಿಕಿತ್ಸಾಲಯಗಳಲ್ಲಿ ದಿನಕ್ಕೆ ಎಷ್ಟು ಸಲ ಈ ಪ್ರಶ್ನೋತ್ತರ ನಡೆಯುತ್ತದೆಯೋ ಲೆಕ್ಕವಿಟ್ಟವರಿಲ್ಲ. ವೈದ್ಯನಿಗೂ ವಕೀಲನಿಗೂ ಸುಳ್ಳು ಹೇಳಬಾರದೆಂಬ ಮಾತನ್ನು ಎಲ್ಲರೂ ಬಲ್ಲರು. ‘ಪರವಾಗಿಲ್ಲ’ ಎಂಬುದು ಸುಳ್ಳಲ್ಲ. ಆದರೆ ನಿಜವೂ ಅಲ್ಲ. ಅದು ದಾಕ್ಷಿಣ್ಯದ ಮಾತು. ಮದುವೆ ಮನೆಯಲ್ಲಿ ಬೀಗಿತ್ತಿ ಯೋಗಕ್ಷೇಮ ವಿಚಾರಿಸಿದಾಗ ಕೊಡುವ ಉತ್ತರವನ್ನೇ ಹಲವರು ವೈದ್ಯರಿಗೂ ಕೊಟ್ಟು ಎದ್ದು ಬರುತ್ತಾರೆ.

ಬೇರೆ ಅನೇಕ ರೋಗಗಳಲ್ಲಿ ಇದರಿಂದ ಹೆಚ್ಚಿನ ಹಾನಿಯಿಲ್ಲ. ಜ್ವರವಿದ್ದರೆ ಉಷ್ಣಮಾಪಕ ಹೇಳುತ್ತದೆ. ರಕ್ತದೊತ್ತಡವನ್ನು ಅಳೆಯುವ ಪಟ್ಟಿ ಯಾರ ದಾಕ್ಷಿಣ್ಯಕ್ಕೂ ಕಟ್ಟುಬೀಳುವುದಿಲ್ಲ. ಸಿಹಿಮೂತ್ರ ರೋಗದವರು ಹಬ್ಬದೂಟದ ಹೋಳಿಗೆಯನ್ನು ಎಷ್ಟೇ ಮುಚ್ಚಿಟ್ಟರೂ ಒಂದು ರಕ್ತಪರೀಕ್ಷೆ ಹಿಂದಿನ ಎರಡು ಮೂರು ತಿಂಗಳ ಜಾತಕವನ್ನೇ ಬಿಚ್ಚಿಡುತ್ತದೆ. ರುಮಟಾಯ್ಡ್ ಸಂಧಿವಾತವೆಂಬ ರೋಗಕ್ಕೆ ಮಾತ್ರ ಇಂಥ ಒಂದೇ ಅಳತೆಗೋಲು ಇನ್ನೂ ದೊರೆತಿಲ್ಲ. ಅದರ ಅರ್ಧ ಸಾಕ್ಷ್ಯ ರೋಗಿಯ ಬಾಯಿಂದಲೇ ಬರಬೇಕು.

ಜೆ.ಪಿ. ನಗರದ ಯಾವುದೋ ಹಂತದ ಯಾವುದೋ ಮನೆಯ ಗೃಹಿಣಿಗೆ ಈ ಕಾಯಿಲೆ ಉಂಟೆಂದು ಭಾವಿಸಬಹುದು. ಬೆಳಗ್ಗೆ ಐದೂವರೆಗೆ ಎಚ್ಚರವಾದಾಗ ಆಕೆಯ ಬೆರಳುಗಳು ಮಡಿಚಲಾರವು. ಹಾಲಿನ ಪೊಟ್ಟಣದ ಮೂಲೆ ಕತ್ತರಿಸಹೋದರೆ ಕತ್ತರಿಯ ಹಿಡಿಯೊಳಕ್ಕೆ ಹೆಬ್ಬೆರಳು ತೂರುವುದಿಲ್ಲ. ಹಲ್ಲಿನಿಂದ ಕಚ್ಚಿ ಹರಿಯುತ್ತಾಳೆ. ಕುಕ್ಕರಿನ ಮುಚ್ಚಳ ತಿರುಗಿಸಲು ಮಗನನ್ನು ಎಬ್ಬಿಸಬೇಕು. ರಾತ್ರಿ ಪಾಳಿ ಮುಗಿಸಿ ಈಗಷ್ಟೆ ಮಲಗಿದ್ದಾನೆ, ಬೇಡ ಎಂದು ಎರಡು ಅಂಗೈಗಳನ್ನೂ ಒತ್ತಿ ತಾನೇ ತಿರುಗಿಸುತ್ತಾಳೆ. ಎಂಟು ಗಂಟೆಯ ವೇಳೆಗೆ ಬಿಸಿನೀರಿನ ಸ್ನಾನವಾಗಿ, ನಾಲ್ಕಾರು ಕೆಲಸಗಳು ಸಾಗಿ, ಬಿಗಿತ ಸಡಿಲವಾಗುತ್ತದೆ. ಹನ್ನೊಂದಕ್ಕೆ ವೈದ್ಯರೆದುರು ಕುಳಿತಾಗ ಸೀರೆಯ ನೆರಿಗೆ ಓರಣವಾಗಿದೆ, ಮುಖದಲ್ಲಿ ನಗೆಯಿದೆ, ಬೆರಳುಗಳು ಆಡುತ್ತಿವೆ. ಐದೂವರೆಯ ಹೆಂಗಸು ಬೇರೆ, ಹನ್ನೊಂದರ ಹೆಂಗಸು ಬೇರೆ. ವೈದ್ಯರು ಕಾಣುವುದು ಎರಡನೆಯವಳನ್ನು ಮಾತ್ರ; ಅದೂ ಮೂರು ತಿಂಗಳಿಗೊಮ್ಮೆ, ಹತ್ತು ನಿಮಿಷ.

ಬೆಳಗಿನ ಈ ಬಿಗಿತ ಸೋಮಾರಿತನವಲ್ಲ, ವಯಸ್ಸಿನ ದೋಷವೂ ಅಲ್ಲ. ಉರಿಯೂತವನ್ನು ಕೆರಳಿಸುವ ವಸ್ತುಗಳು ರಕ್ತದಲ್ಲಿ ರಾತ್ರಿಯ ಕೊನೆಯ ಜಾವದಲ್ಲೇ ಏರುತ್ತವೆ. ದೇಹವನ್ನು ಕಾಯಬೇಕಾದ ನಿರೋಧಕ ಶಕ್ತಿ ಕೀಲುಗಳ ಒಳಪೊರೆಯ ಮೇಲೆ ತಿರುಗಿಬೀಳುವುದು ಈ ರೋಗದ ಮೂಲ. ಬೇಲಿಯೇ ಎದ್ದು ಹೊಲ ಮೇಯ್ದಂತೆ. ಮುದುಕರ ಮಂಡಿ ಸವೆತದಿಂದ ಬರುವ ನೋವೇ ಬೇರೆ, ಇದೇ ಬೇರೆ. ಸವೆತದ ನೋವು ನಡೆದಷ್ಟೂ ಹೆಚ್ಚುತ್ತದೆ, ಕುಳಿತರೆ ಇಳಿಯುತ್ತದೆ. ಇದು ಮಲಗಿ ಎದ್ದಾಗ ಹೆಚ್ಚು, ಆಡಿಸಿದರೆ ಕಡಿಮೆ. ಇದು ಎರಡು ಕೈಗಳ ಸಣ್ಣ ಕೀಲುಗಳನ್ನು ಜೋಡಿಯಾಗಿ ಹಿಡಿಯುತ್ತದೆ. ಗಂಡಸರಿಗಿಂತ ಹೆಂಗಸರಲ್ಲಿ ಎರಡು ಮೂರು ಪಟ್ಟು ಹೆಚ್ಚು. ಬಹುಪಾಲು ಮೂವತ್ತರಿಂದ ಅರವತ್ತರ ನಡುವೆ, ಅಂದರೆ ಸಂಸಾರದ ಭಾರವೆಲ್ಲ ಹೆಗಲ ಮೇಲಿರುವ ಕಾಲದಲ್ಲಿ ಕಾಣಿಸಿಕೊಳ್ಳುತ್ತದೆ. ಆಯುರ್ವೇದದ ಮಾಧವನಿದಾನದಲ್ಲಿ ಬರುವ ಆಮವಾತದ ವರ್ಣನೆ ಇದಕ್ಕೆ ಬಹು ಸಮೀಪವಾದದ್ದು. ಈಗಿನ ಇಂಗ್ಲಿಷ್ ಹೆಸರನ್ನು ಕೊಟ್ಟವನು ಗ್ಯಾರೊಡ್ ಎಂಬ ಆಂಗ್ಲ ವೈದ್ಯ, 1859ರಲ್ಲಿ.

ಅವಸರವೇನೆಂದರೆ, ಚಿಕಿತ್ಸೆ ಸಾಲದೆ ಉರಿಯೂತ ಹಾಗೆಯೇ ಉಳಿದರೆ ಮೂಳೆಯ ಅಂಚು ಕೊರೆದುಹೋಗತೊಡಗುತ್ತದೆ. ಅನೇಕರಲ್ಲಿ ಇದು ರೋಗದ ಮೊದಲ ಎರಡು ವರ್ಷಗಳಲ್ಲೇ ಆರಂಭವಾಗುತ್ತದೆ. ಕೊರೆದುಹೋದ ಮೂಳೆಯನ್ನು ಹಿಂದಕ್ಕೆ ತರುವ ಮದ್ದಿಲ್ಲ. ಆದಕಾರಣ ಔಷಧವನ್ನು ಹೆಚ್ಚಿಸಬೇಕೆ, ಬದಲಿಸಬೇಕೆ, ಇದ್ದಂತೆಯೇ ಬಿಡಬೇಕೆ ಎಂಬ ತೀರ್ಮಾನವನ್ನು ವೈದ್ಯರು ಸಕಾಲದಲ್ಲಿ ಮಾಡಲೇಬೇಕು. ಆ ತೀರ್ಮಾನಕ್ಕೆ ‘ಪರವಾಗಿಲ್ಲ’ ಎಂಬ ಒಂದೇ ಪದ ಆಧಾರವಾದರೆ ಗತಿಯೇನು?

ವೈದ್ಯರಲ್ಲಿ ಅಳತೆಯ ವಿಧಾನಗಳು ಇಲ್ಲವೆಂದಲ್ಲ. ಎರಡು ಭುಜ, ಎರಡು ಮೊಣಕೈ, ಎರಡು ಮಣಿಕಟ್ಟು, ಎರಡು ಮಂಡಿ, ಕೈಬೆರಳುಗಳ ಇಪ್ಪತ್ತು ಗೆಣ್ಣುಗಳು, ಒಟ್ಟು 28 ಕೀಲುಗಳನ್ನು ಒತ್ತಿ ನೋಡಿ, ಎಷ್ಟು ನೋಯುತ್ತವೆ, ಎಷ್ಟು ಊದಿವೆ ಎಂದು ಎಣಿಸುವುದುಂಟು. ಅದಕ್ಕೆ ರಕ್ತಪರೀಕ್ಷೆಯ ಒಂದು ಅಂಕಿಯನ್ನು ಸೇರಿಸಿ ‘ಡಾಸ್-28’ ಎಂಬ ಮೊತ್ತವನ್ನು ಕಟ್ಟುತ್ತಾರೆ. 5.1ಕ್ಕಿಂತ ಮೇಲಿದ್ದರೆ ರೋಗ ಉಗ್ರ, 2.6ಕ್ಕಿಂತ ಕೆಳಗಿಳಿದರೆ ಶಮನ. ಈ ಲೆಕ್ಕದಲ್ಲಿ ನಾಲ್ಕನೆಯ ಅಂಗವೊಂದುಂಟು: ರೋಗಿಯು ತನ್ನ ಸ್ಥಿತಿ ಒಟ್ಟಿನಲ್ಲಿ ಹೇಗಿದೆ ಎಂದು ಸೊನ್ನೆಯಿಂದ ನೂರರೊಳಗೆ ತಾನೇ ಗುರುತಿಸಬೇಕು. ಇಷ್ಟು ಗಣಿತದ ನಡುವೆಯೂ ರೋಗಿಯ ಮಾತಿಗೆ ಒಂದು ಮಣೆ ಹಾಕಿಟ್ಟಿದ್ದಾರೆ. ರೋಗ ಕೆರಳಿರುವಾಗಲೂ ಸಾಕಷ್ಟು ಮಂದಿಯ ರಕ್ತಪರೀಕ್ಷೆ ಸಹಜವಾಗಿಯೇ ಬರುವುದುಂಟಾದ್ದರಿಂದ ಆ ಮಣೆಯನ್ನು ತೆಗೆಯುವಂತೆಯೂ ಇಲ್ಲ.

ಇನ್ನೊಂದು ವಿಧಾನ ಕೇವಲ ಪ್ರಶ್ನೆಗಳದು. ಅಮೆರಿಕದ ಸ್ಟಾನ್‌ಫರ್ಡ್ ವಿಶ್ವವಿದ್ಯಾಲಯದ ಜೇಮ್ಸ್ ಫ್ರೈಸ್ ಮತ್ತು ಸಂಗಡಿಗರು 1980ರಲ್ಲಿ 20 ಪ್ರಶ್ನೆಗಳ ಪಟ್ಟಿಯೊಂದನ್ನು ಪ್ರಕಟಿಸಿದರು. ಹೊಸ ಹಾಲಿನ ಡಬ್ಬಿ ತೆರೆಯಬಲ್ಲಿರಾ, ತೊಟ್ಟಿಯಲ್ಲಿ ಕುಳಿತು ಸ್ನಾನ ಮಾಡಬಲ್ಲಿರಾ, ಕಾರಿನ ಬಾಗಿಲು ತೆಗೆಯಬಲ್ಲಿರಾ ಎಂದು ಅದು ಕೇಳುತ್ತಿತ್ತು. ಪ್ರಶ್ನೆಗಳು ಸೊಗಸಾದವೇ, ಆದರೆ ತಂಬಿಗೆಯಲ್ಲಿ ನೀರು ಮೊಗೆದು ಸ್ನಾನ ಮಾಡುವವರಿಗೆ ತೊಟ್ಟಿಯ ಪ್ರಶ್ನೆ ಏನು ಪ್ರಯೋಜನ? ದೆಹಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯ ವೈದ್ಯರು ಈ ಪಟ್ಟಿಯನ್ನು ಭಾರತೀಯರಿಗೆ ಒಗ್ಗಿಸಿ, ಹನ್ನೆರಡು ಪ್ರಶ್ನೆಗಳಿಗೆ ಇಳಿಸಿ, 2002ರಲ್ಲಿ ಪ್ರಕಟಿಸಿದರು. ಸೀರೆಯನ್ನೋ ಪಂಚೆಯನ್ನೋ ತಾವೇ ಉಡಬಲ್ಲಿರಾ? ಚಕ್ಕಳಮಕ್ಕಳ ಹಾಕಿ ನೆಲದ ಮೇಲೆ ಕೂರಬಲ್ಲಿರಾ? ನಲ್ಲಿ ತಿರುಗಿಸಬಲ್ಲಿರಾ? ಆಟೋರಿಕ್ಷಾ ಹತ್ತಿ ಇಳಿಯಬಲ್ಲಿರಾ? ತರಕಾರಿ ಮಾರುಕಟ್ಟೆಗೆ ಹೋಗಿ ಬರಬಲ್ಲಿರಾ? ಓದಿದ ಕೂಡಲೇ ಇದು ಪರದೇಶದ ಸರಕಲ್ಲ, ಸಾರಕ್ಕಿ ಮಾರುಕಟ್ಟೆಯ ದಾರಿಯಲ್ಲೇ ಹುಟ್ಟಿದ್ದೆನಿಸುತ್ತದೆ. ಪ್ರತಿ ಪ್ರಶ್ನೆಗೂ ಕಷ್ಟವಿಲ್ಲ, ಸ್ವಲ್ಪ ಕಷ್ಟ, ಬಹಳ ಕಷ್ಟ, ಆಗುವುದೇ ಇಲ್ಲ ಎಂದು ನಾಲ್ಕು ಉತ್ತರಗಳು. ಸೊನ್ನೆಯಿಂದ ಮೂರರವರೆಗೆ ಅಂಕ.

ಮನೆಮನೆಯ ಹೆಂಗಸರೂ ತಮ್ಮದೇ ಪ್ರಶ್ನೆಗಳನ್ನು ಇದಕ್ಕೆ ಸೇರಿಸಿಕೊಳ್ಳಬಹುದು. ಮುದ್ದೆಯ ಕೋಲು ಹಿಡಿದು ತೊಳಸಲಾಯಿತೇ? ತುರಿಮಣೆಯ ಮೇಲೆ ಕುಳಿತು ಒಂದು ಹೋಳು ಕಾಯಿ ತುರಿಯಲಾಯಿತೇ? ಬಳೆ ಗೆಣ್ಣು ದಾಟಿತೇ? ಬಗ್ಗಿ ರಂಗೋಲಿ ಎಳೆಯಲಾಯಿತೇ, ಅಥವಾ ಅಂಟಿಸುವ ರಂಗೋಲಿಗೆ ಶರಣಾಗಬೇಕಾಯಿತೇ? ರಾಗಿಗುಡ್ಡದ ಆಂಜನೇಯನ ಮೆಟ್ಟಿಲನ್ನು ಶನಿವಾರ ನಿಲ್ಲದೆ ಹತ್ತಲಾಯಿತೇ? ಕಳೆದ ತಿಂಗಳು ಹತ್ತಿದವರು ಈ ತಿಂಗಳು ಕೆಳಗಿನಿಂದಲೇ ಕೈಮುಗಿದು ಬಂದರೆಂದರೆ ಅದೂ ವೈದ್ಯಕೀಯ ಸಂಗತಿಯೇ.

ಇವನ್ನೆಲ್ಲ ನೆನಪಿಟ್ಟುಕೊಂಡು ಹೇಳಿದರೆ ಸಾಲದೇ ಎಂದು ಕೇಳಬಹುದು. ಸಾಲದು. ನೋವಿನ ವಿಷಯದಲ್ಲಿ ನೆನಪಿನಷ್ಟು ನಂಬಲಾಗದ ಸಾಕ್ಷಿ ಮತ್ತೊಂದಿಲ್ಲ. ಮುಂದೆ 2002ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಮನೋವಿಜ್ಞಾನಿ ಡೇನಿಯಲ್ ಕಾನೆಮನ್ ಮತ್ತು ವೈದ್ಯ ಡೊನಾಲ್ಡ್ ರೆಡಲ್ಮೈಯರ್ 1996ರಲ್ಲಿ ಒಂದು ಸಂಗತಿಯನ್ನು ತೋರಿಸಿಕೊಟ್ಟರು. ನೋವಿನ ಚಿಕಿತ್ಸೆಗೆ ಒಳಗಾದವರು ಅನಂತರ ನೆನೆಯುವುದು ಒಟ್ಟು ಎಷ್ಟು ಹೊತ್ತು ನೊಂದೆವೆಂಬುದನ್ನಲ್ಲ. ಅತ್ಯಂತ ತೀವ್ರವಾಗಿದ್ದ ಗಳಿಗೆಯನ್ನೂ ಕೊನೆಯ ಗಳಿಗೆಯನ್ನೂ ಮಾತ್ರ. ಹೀಗಿರುವಾಗ ಮೂರು ತಿಂಗಳ ಏರಿಳಿತವನ್ನು ನೆನಪಿನಿಂದ ಹೇಳಹೊರಟವರು ನಿನ್ನೆಯ ನೋವನ್ನೇ ಮೂರು ತಿಂಗಳಿಗೆ ಹಂಚಿಬಿಡುವುದು ಸಹಜ. ನಿನ್ನೆ ಚೆನ್ನಾಗಿದ್ದರೆ ಮೂರು ತಿಂಗಳೂ ಪರವಾಗಿಲ್ಲ.

ಬರೆದಿಟ್ಟರಾಯಿತಲ್ಲವೇ? ಮಧ್ಯಮವರ್ಗದ ಮನೆಗಳಲ್ಲಿ ಹಾಲಿನ ಲೆಕ್ಕ, ಇಸ್ತ್ರಿಯ ಲೆಕ್ಕ, ಗ್ಯಾಸ್ ಸಿಲಿಂಡರ್ ಬಂದ ದಿನ, ಎಲ್ಲವೂ ಗೋಡೆಯ ಕ್ಯಾಲೆಂಡರಿನ ಮೇಲೆ ಬಿದ್ದಿರುತ್ತವೆ. ಅಲ್ಲೇ ನೋವಿನ ಲೆಕ್ಕವನ್ನೂ ಗೀಚಬಹುದು. ಆದರೆ ಕಾಗದದ ದಿನಚರಿಯ ವಿಷಯದಲ್ಲಿ ಒಂದು ಮೋಜಿನ ಕಥೆಯುಂಟು. ಆರ್ಥರ್ ಸ್ಟೋನ್ ಎಂಬ ಅಮೆರಿಕನ್ ಸಂಶೋಧಕ ಮತ್ತು ಆತನ ಸಂಗಡಿಗರು ಬಹುಕಾಲದ ನೋವಿನಿಂದ ನರಳುವ 80 ಮಂದಿಯನ್ನು ಕಲೆಹಾಕಿ, ಅರ್ಧದಷ್ಟು ಜನಕ್ಕೆ ಕಾಗದದ ದಿನಚರಿಯನ್ನೂ ಉಳಿದವರಿಗೆ ಅಂಗೈಯಗಲದ ವಿದ್ಯುನ್ಮಾನ ದಿನಚರಿಯನ್ನೂ ಕೊಟ್ಟರು. ಕಾಗದದ ದಿನಚರಿಯ ಕಡತದಲ್ಲಿ ಬೆಳಕನ್ನು ಗುರುತಿಸುವ ಸಣ್ಣ ಸಾಧನವೊಂದನ್ನು ಗುಟ್ಟಾಗಿ ಅಡಗಿಸಿದ್ದರು. ಕಡತ ಯಾವಾಗ ತೆರೆಯಿತು, ಯಾವಾಗ ಮುಚ್ಚಿತು ಎಂಬುದೆಲ್ಲ ದಾಖಲಾಗುತ್ತಿತ್ತು. 2002ರಲ್ಲಿ ಫಲಿತಾಂಶ ಹೊರಬಿತ್ತು. ಕಾಗದದವರು ನೂರಕ್ಕೆ 90 ಸಲ ಹೊತ್ತಿಗೆ ಸರಿಯಾಗಿ ಬರೆದೆವೆಂದು ತೋರಿಸಿದ್ದರು; ನಿಜವಾಗಿ ಬರೆದದ್ದು ನೂರಕ್ಕೆ 11 ಸಲ. ಮಿಕ್ಕಿದ್ದು, ತನಿಖಾಧಿಕಾರಿ ಬರುವ ಹಿಂದಿನ ರಾತ್ರಿ ಶಾಲೆಯ ಹಾಜರಿ ಪುಸ್ತಕವನ್ನು ತುಂಬಿದಂತೆ ಒಮ್ಮೆಗೇ ಬರೆದದ್ದು. ಹೊತ್ತಿಗೆ ಸದ್ದು ಮಾಡಿ ಎಚ್ಚರಿಸುವ ವಿದ್ಯುನ್ಮಾನ ದಿನಚರಿ ಹಿಡಿದವರು ನೂರಕ್ಕೆ 94 ಸಲ ಸರಿಯಾಗಿ ಬರೆದಿದ್ದರು.

ಅಂದಿನ ಆ ಯಂತ್ರದ ಕೆಲಸವನ್ನು ಇಂದು ಎಲ್ಲರ ಕೈಯ ಸ್ಮಾರ್ಟ್‌ಫೋನ್ ಮಾಡಬಲ್ಲದು. ನೋವಿನ ಲೆಕ್ಕಕ್ಕೆಂದೇ ತಯಾರಾದ ಆ್ಯಪ್‌ಗಳು ಹಲವು ಉಂಟು. ಬೆಳಗ್ಗೆ ಒಂದು ಹೊತ್ತಿಗೆ ಅದು ಕೂಗುತ್ತದೆ. ಬಿಗಿತ ಎಷ್ಟು ನಿಮಿಷವಿತ್ತು, ನೋವು ಸೊನ್ನೆಯಿಂದ ಹತ್ತರಲ್ಲಿ ಎಷ್ಟು, ಸುಸ್ತು ಎಷ್ಟು, ನಿದ್ದೆ ಹೇಗೆ ಎಂದು ಕೇಳುತ್ತದೆ. ಮಾನವಾಕೃತಿಯ ಚಿತ್ರದಲ್ಲಿ ನೋಯುವ ಕೀಲಿನ ಮೇಲೆ ಬೆರಳಿಟ್ಟರೆ ಅಲ್ಲಿ ಚುಕ್ಕೆ ಮೂಡುತ್ತದೆ. ವಾರ ಕಳೆದರೆ ಚುಕ್ಕೆಗಳೆಲ್ಲ ಸೇರಿ ಒಂದು ಗೆರೆಯಾಗುತ್ತದೆ. ಬೇರೆ ಆ್ಯಪ್ ಏನೂ ಬೇಡವೆನ್ನುವವರು ಫೋನಿನಲ್ಲೇ ಇರುವ ಟಿಪ್ಪಣಿ ಪುಟವನ್ನೂ ಅಲಾರಮ್ಮನ್ನೂ ಬಳಸಿದರೆ ಸಾಕು. ಊದಿದ ಬೆರಳಿನಿಂದ ಗಾಜಿನ ಪರದೆ ಒತ್ತುವುದೇ ಕಷ್ಟವೆಂಬುದು ನಿಜ. ಅದಕ್ಕೆ ಬಾಯಿಮಾತಿನಲ್ಲೇ ಕನ್ನಡದಲ್ಲಿ ಹೇಳಿದರೆ ಅಕ್ಷರವಾಗಿಸುವ ಅನುಕೂಲವನ್ನು ಬಳಸಬಹುದು. ಊದಿದ ಕೈಯನ್ನು ಒಂದೇ ಮೇಜಿನ ಮೇಲೆ, ಒಂದೇ ಬೆಳಕಿನಲ್ಲಿ ಇಟ್ಟು ಚಿತ್ರ ತೆಗೆದಿಡುವುದು ಇನ್ನೂ ಒಳ್ಳೆಯದು. ಹನ್ನೊಂದು ಗಂಟೆಗೆ ಇಳಿದುಹೋದ ಊತವನ್ನು ಐದೂವರೆಯ ಚಿತ್ರ ತೋರಿಸಿಕೊಡುತ್ತದೆ.

ಇಷ್ಟೆಲ್ಲ ಅನುಕೂಲವಿದ್ದೂ ಎಷ್ಟು ಮಂದಿ ಮುಂದುವರಿಸುತ್ತಾರೆ? ಇಲ್ಲಿಯೇ ವಿಷಯದ ತಿರುಳಿದೆ. ಗ್ಲಾಕ್ಸೊಸ್ಮಿತ್‌ಕ್ಲೈನ್ ಎಂಬ ಔಷಧ ಸಂಸ್ಥೆ 2016ರಲ್ಲಿ ಐಫೋನಿನ ಮೂಲಕವೇ ಅಮೆರಿಕದ 399 ಸಂಧಿವಾತ ರೋಗಿಗಳನ್ನು ಸೇರಿಸಿಕೊಂಡು ಹನ್ನೆರಡು ವಾರಗಳ ಅಧ್ಯಯನ ನಡೆಸಿತು. ಪ್ರಶ್ನೆಗಳಷ್ಟೇ ಅಲ್ಲ, ಫೋನನ್ನು ಕೈಯಲ್ಲಿ ಹಿಡಿದು ಮಣಿಕಟ್ಟನ್ನು ಬಗ್ಗಿಸಿದರೆ ಎಷ್ಟು ಬಗ್ಗಿತೆಂದು ಅದೇ ಅಳೆಯುವ ಚಮತ್ಕಾರವೂ ಇತ್ತು. ಆದರೂ ವಾರಗಳು ಕಳೆದಂತೆ ಒಬ್ಬೊಬ್ಬರಾಗಿ ಬಿಟ್ಟರು. ಕೊನೆಯವರೆಗೆ ನಿಂತವರು ಸ್ವಲ್ಪವೇ ಮಂದಿ. ಅದೇ ಸುಮಾರಿನಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದವರು ‘ರೆಮೋರಾ’ ಎಂಬ ಹೆಸರಿನಲ್ಲಿ ಮತ್ತೊಂದು ಪ್ರಯೋಗ ನಡೆಸಿದರು. ಅಲ್ಲಿದ್ದವರು ಕೇವಲ 20 ರೋಗಿಗಳು. ಅವಧಿ ಮೂರು ತಿಂಗಳು. ಅವರಲ್ಲಿ ಸಾಮಾನ್ಯವಾಗಿ ಹತ್ತರಲ್ಲಿ ಒಂಬತ್ತು ದಿನ ಉತ್ತರ ತುಂಬಿದ್ದರು. ಪ್ರಯೋಗದ ಗಾತ್ರ ಚಿಕ್ಕದು, ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ. ಆದರೂ ಒಂದು ವ್ಯತ್ಯಾಸ ಎದ್ದು ಕಾಣುತ್ತದೆ. ಮೊದಲನೆಯದರಲ್ಲಿ ರೋಗಿ ತುಂಬಿದ್ದು ಎಲ್ಲಿಗೋ ಹೋಗುತ್ತಿತ್ತು. ಎರಡನೆಯದರಲ್ಲಿ ಅದು ನೇರವಾಗಿ ಆಸ್ಪತ್ರೆಯ ಕಡತಕ್ಕೆ ಸೇರಿ, ಮುಂದಿನ ಭೇಟಿಯಲ್ಲಿ ವೈದ್ಯರ ಪರದೆಯ ಮೇಲೆ ಗೆರೆಯಾಗಿ ಮೂಡುತ್ತಿತ್ತು. ವೈದ್ಯರೂ ರೋಗಿಯೂ ಒಟ್ಟಿಗೆ ನೋಡುತ್ತಿದ್ದರು. ರೋಗಿಯೇ ಮರೆತಿದ್ದ ಉಲ್ಬಣಗಳು ಅಲ್ಲಿ ಬಯಲಾಗುತ್ತಿದ್ದುವು. ತಾನು ಬರೆದುದನ್ನು ಓದುವವರಿದ್ದಾರೆಂಬ ಭರವಸೆ ಇದ್ದಲ್ಲಿ ಯಾರೂ ಬರೆಯುತ್ತಾರೆ. ಉತ್ತರ ಬಾರದ ಮನೆಗೆ ಎಷ್ಟು ದಿನ ಕಾಗದ ಬರೆಯಲಾದೀತು?

ಡೆನ್ಮಾರ್ಕಿನಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ರೋಗ ಹತೋಟಿಯಲ್ಲಿರುವ 294 ಮಂದಿಯನ್ನು ಆರಿಸಿಕೊಂಡು, ಕೆಲವರನ್ನು ಎಂದಿನಂತೆ ಆಸ್ಪತ್ರೆಗೆ ಕರೆಸಿದರು. ಉಳಿದವರನ್ನು ಅವರೇ ತುಂಬಿ ಕಳುಹಿಸಿದ ಉತ್ತರಗಳನ್ನು ನೋಡಿ ದೂರವಾಣಿಯಲ್ಲಿ ವಿಚಾರಿಸಿಕೊಂಡರು. 2018ರಲ್ಲಿ ಪ್ರಕಟವಾದ ಫಲಿತಾಂಶದಂತೆ, ವರ್ಷದ ಕೊನೆಗೆ ಎರಡನೆಯ ಗುಂಪಿನವರ ರೋಗಸ್ಥಿತಿ ಮೊದಲ ಗುಂಪಿನವರಿಗಿಂತ ಹಿಂದೆ ಬಿದ್ದಿರಲಿಲ್ಲ. ಬೆಂಗಳೂರಿನವರಿಗೆ ಇದರ ರುಚಿ 2020ರಲ್ಲಿ ಬಲವಂತವಾಗಿ ಹತ್ತಿತು. ಕೊರೋನಾ ದಿಗ್ಬಂಧನದ ಆ ಮಾರ್ಚಿಯಲ್ಲಿ ಕೇಂದ್ರ ಸರ್ಕಾರ ದೂರವೈದ್ಯಕ್ಕೆ ನಿಯಮಾವಳಿ ಹೊರಡಿಸಿತು. ಅದೇ ವಾರ, ಸಂಧಿವಾತಕ್ಕೂ ಕೊಡುವ ಹೈಡ್ರಾಕ್ಸಿಕ್ಲೋರೊಕ್ವಿನ್ ಮಾತ್ರೆಯನ್ನು ಕೊರೋನಾದ ಭಯದಿಂದ ಕಂಡಕಂಡವರೆಲ್ಲ ಕೊಂಡು ಅಂಗಡಿಗಳು ಬರಿದಾಗತೊಡಗಿದ್ದರಿಂದ ಅದರ ಮಾರಾಟಕ್ಕೆ ನಿರ್ಬಂಧ ಬಂತು. ಬಾಗಿಲು ದಾಟಲಾಗದ ಆ ದಿನಗಳಲ್ಲಿ ಕೈಯ ಚಿತ್ರವನ್ನು ವಾಟ್ಸಾಪಿನಲ್ಲಿ ಕಳುಹಿಸಿ ಸಲಹೆ ಪಡೆದ ಮನೆಗಳಿಗೆ ಫೋನಿನ ಉಪಯೋಗವನ್ನು ಬೇರೆಯವರು ಹೇಳಬೇಕಾದ್ದಿಲ್ಲ. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಈ ರೋಗಗಳಿಗೇ ಪ್ರತ್ಯೇಕ ವಿಭಾಗವಿದೆ, ಬೇರೆಡೆಯೂ ತಜ್ಞರಿದ್ದಾರೆ. ಆದರೂ ನಗರದ ಜನಸಂಖ್ಯೆಗೆ ಅವರ ಸಂಖ್ಯೆ ಕಡಿಮೆಯೇ. ಹತ್ತು ನಿಮಿಷ ಇಪ್ಪತ್ತಾಗುವ ಕಾಲ ಸದ್ಯಕ್ಕೆ ಕಾಣುವುದಿಲ್ಲ. ಆದಕಾರಣ ತೊಂಬತ್ತು ದಿನಗಳ ಲೆಕ್ಕವನ್ನೆಲ್ಲ ವೈದ್ಯರ ಮುಂದೆ ಸುರಿಯುವುದು ಉಚಿತವಲ್ಲ. ಗೆರೆಯ ಚಿತ್ರವಿರುವ ಒಂದು ಪುಟ, ಅದರ ಕೆಳಗೆ ‘ಬಿಗಿತ ಒಂದು ಗಂಟೆ ಮೀರಿದ ದಿನಗಳು ಇಷ್ಟು, ನೋವಿನ ಮಾತ್ರೆ ನುಂಗಿದ ದಿನಗಳು ಇಷ್ಟು’ ಎಂಬ ಎರಡು ಸಾಲು, ಅಷ್ಟಿದ್ದರೆ ಓದುತ್ತಾರೆ.

ಲೆಕ್ಕವಿಡುವವರಿಗೆ ಮನೆಯ ವಾದವಿವಾದಗಳನ್ನು ಬಗೆಹರಿಸುವ ಲಾಭವೂ ಉಂಟು. ಅತ್ತೆ ಮೊಸರು ಬಿಡೆನ್ನುತ್ತಾರೆ. ಪಕ್ಕದ ಮನೆಯವರು ಬದನೆಕಾಯಿ ಬಿಡೆನ್ನುತ್ತಾರೆ. ಚಿಕ್ಕಮ್ಮ ಹುಣಿಸೆಹುಳಿಯ ಕಡೆ ಬೊಟ್ಟು ಮಾಡುತ್ತಾರೆ. ಎಲ್ಲವನ್ನೂ ಬಿಟ್ಟರೆ ಉಳಿಯುವುದು ಅನ್ನ ಮತ್ತು ನೀರು. ಬದನೆಯಿಂದಾಗಲಿ ಹುಳಿಯಿಂದಾಗಲಿ ಈ ರೋಗ ಕೆರಳುತ್ತದೆಂಬುದಕ್ಕೆ ಬಲವಾದ ಆಧಾರ ದೊರೆತಿಲ್ಲ. ಧೂಮಪಾನ ಕೆಡುಕೆಂಬುದಕ್ಕೆ ಮಾತ್ರ ಧಾರಾಳವಾಗಿ ದೊರೆತಿದೆ. ಮೊಸರು ತಿಂದ ಮೂವತ್ತು ದಿನ, ತಿನ್ನದ ಮೂವತ್ತು ದಿನ ಬರೆದು ನೋಡಿದರೆ ಅತ್ತೆ ಸೊಸೆಯರಿಬ್ಬರಿಗೂ ಸಮಾಧಾನವಾದೀತು. ಹವೆಯ ವಿಷಯದಲ್ಲಿ ಹಿರಿಯರ ಮಾತಿಗೆ ಹೆಚ್ಚು ಬಲ ಬಂದಿದೆ. ಮಳೆ ಬರುವ ಮುಂಚೆ ಕೀಲು ಹೇಳುತ್ತದೆ ಎಂಬ ನಂಬಿಕೆಯನ್ನು ಪರೀಕ್ಷಿಸಲು ಮ್ಯಾಂಚೆಸ್ಟರಿನವರೇ 2016ರಲ್ಲಿ 13,000ಕ್ಕೂ ಹೆಚ್ಚು ಮಂದಿಯ ಫೋನುಗಳಲ್ಲಿ ನೋವನ್ನೂ ಆಯಾ ಊರಿನ ಹವಾಮಾನವನ್ನೂ ಜೊತೆಗೂಡಿಸತೊಡಗಿದರು. ಸಾಕಷ್ಟು ದಿನ ಬಿಡದೆ ಬರೆದ 2,658 ಮಂದಿಯ ಲೆಕ್ಕ 2019ರಲ್ಲಿ ಪ್ರಕಟವಾಯಿತು. ಗಾಳಿಯಲ್ಲಿ ತೇವ ಹೆಚ್ಚಿ, ವಾಯುಭಾರ ಇಳಿದು, ಗಾಳಿ ಬೀಸಿದ ದಿನಗಳಲ್ಲಿ ನೋವು ಹೆಚ್ಚುವ ಸಂಭವ ಕೊಂಚ ಜಾಸ್ತಿ. ಎಲ್ಲವೂ ಒಟ್ಟಾಗಿ ಕೆಟ್ಟ ದಿನದಲ್ಲಿ ಸಾಧಾರಣ ದಿನಕ್ಕಿಂತ ನೂರಕ್ಕೆ ಇಪ್ಪತ್ತರಷ್ಟು. ಆದ್ದರಿಂದ ಅಜ್ಜಿಯ ಮಾತು ಸುಳ್ಳಲ್ಲ. ಆದರೆ ನೋವೆಲ್ಲ ಮಳೆಯದೇ ಎಂದು ಜೂನಿನಿಂದ ಅಕ್ಟೋಬರಿನವರೆಗೆ ಸಹಿಸಿ ಕುಳಿತರೆ ಮೂಳೆ ಕಾಯುವುದಿಲ್ಲ.

ಲೆಕ್ಕ ಕೈಯಲ್ಲಿದೆಯೆಂದು ರೋಗಿಯೇ ವೈದ್ಯನಾಗಬಾರದು. ಈ ರೋಗದ ಮುಖ್ಯ ಔಷಧ ಮೆಥೊಟ್ರೆಕ್ಸೇಟ್. ಆಂಧ್ರದ ಭೀಮವರಂನಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದ ಯಲ್ಲಾಪ್ರಗಡ ಸುಬ್ಬರಾವ್ ಅವರ ಮುಂದಾಳುತನದಲ್ಲಿ ಲೆಡರ್ಲೆ ಪ್ರಯೋಗಾಲಯದಲ್ಲಿ ರೂಪುಗೊಂಡ ಮದ್ದಿದು. ಮೊದಲು ಕ್ಯಾನ್ಸರಿಗೆ ಬಳಕೆಯಾಗಿ, ಬಹುಕಾಲದ ಮೇಲೆ 1988ರಲ್ಲಿ ಅಮೆರಿಕದಲ್ಲಿ ಸಂಧಿವಾತಕ್ಕೂ ಅನುಮೋದನೆ ಪಡೆಯಿತು. ಸಂಧಿವಾತಕ್ಕೆ ಇದನ್ನು ನುಂಗುವುದು ವಾರಕ್ಕೆ ಒಂದೇ ದಿನ. ಮರೆತೋ ತಪ್ಪು ತಿಳಿದೋ ದಿನವೂ ನುಂಗಿ ಪ್ರಾಣಕ್ಕೇ ಕುತ್ತು ತಂದುಕೊಂಡವರ ಪ್ರಸಂಗಗಳು ನಾನಾ ದೇಶಗಳಿಂದ ವರದಿಯಾಗಿವೆ. ಇತರ ಹತ್ತು ಮಾತ್ರೆಗಳ ನಡುವೆ ಇದೊಂದು ಮಾತ್ರ ವಾರದ ಮಾತ್ರೆ, ಗೊಂದಲ ಸಹಜ. ಸೋಮವಾರವೋ ಗುರುವಾರವೋ ವೈದ್ಯರು ಹೇಳಿದ ದಿನವನ್ನು ಫೋನಿನಲ್ಲಿ ಗೊತ್ತುಮಾಡಿ, ನುಂಗಿದ ಕೂಡಲೇ ಗುರುತು ಹಾಕಿದರೆ ಸಾಕು; ಫೋನ್ ಬೇರೇನನ್ನೂ ಮಾಡದಿದ್ದರೂ ಇದೊಂದಕ್ಕೇ ಕೊಂಡದ್ದು ಸಾರ್ಥಕ. ಗೆರೆ ಇಳಿದಿದೆಯೆಂದು ಮಾತ್ರೆ ನಿಲ್ಲಿಸುವುದು, ಏರಿದೆಯೆಂದು ಇನ್ನೊಂದು ಸೇರಿಸುವುದು ಸರ್ವಥಾ ಕೂಡದು. ಈ ಔಷಧ ತೆಗೆದುಕೊಳ್ಳುವವರಿಗೆ ಜ್ವರ, ಬಾಯಿಹುಣ್ಣು, ಬಿಡದ ಒಣಕೆಮ್ಮು, ಏದುಸಿರು ಬಂದರೆ, ಅಥವಾ ಒಂದೇ ಕೀಲು ಹಠಾತ್ತನೆ ಕೆಂಪಗೆ ಬಿಸಿಯಾಗಿ ಊದಿದರೆ, ಲೆಕ್ಕ ಬರೆಯುತ್ತ ಕೂರದೆ ಅಂದೇ ವೈದ್ಯರಲ್ಲಿಗೆ ಹೋಗಬೇಕು. ಮಗುವನ್ನು ಬಯಸುವ ಹೆಣ್ಣುಮಕ್ಕಳು ತಿಂಗಳುಗಳ ಮೊದಲೇ ವೈದ್ಯರಿಗೆ ತಿಳಿಸತಕ್ಕದ್ದು; ಗರ್ಭಿಣಿಗೆ ಈ ಔಷಧ ನಿಷಿದ್ಧ.

ದಿನವೂ ನೋವನ್ನೇ ಎಣಿಸುತ್ತಿದ್ದರೆ ನೋವು ಹೆಚ್ಚಿದಂತೆ ತೋರುವುದಿಲ್ಲವೇ ಎಂಬ ಆಕ್ಷೇಪಣೆಯಲ್ಲೂ ಹುರುಳಿದೆ. ಕೆಲವರ ಮನಸ್ಸೇ ಹಾಗೆ. ಅಂಥವರಿಗೆ ವಾರಕ್ಕೊಮ್ಮೆ ಬರೆದರೂ ಸಾಕು. ದಿನಕ್ಕೆ ಎರಡು ನಿಮಿಷ ಮೀರಿದ ಲೆಕ್ಕ ಯಾರಿಗೂ ಬೇಡ. ಇನ್ನೊಂದು ಅಳುಕು ಇದಕ್ಕಿಂತ ದೊಡ್ಡದು. ಬಾಯಿಬಿಟ್ಟು ಹೇಳದಿದ್ದರೂ ಮನೆಮನೆಯಲ್ಲೂ ಇರುವಂಥದು. ಮದುವೆಗಿರುವ ಮಗಳಿಗೆ ಈ ರೋಗವಿದೆಯೆಂದು ತಿಳಿದರೆ ಗತಿಯೇನು? ಕಚೇರಿಯಲ್ಲಿ ತಿಳಿದರೆ ಬಡ್ತಿಯ ಗತಿಯೇನು? ಫೋನಿನಲ್ಲಿ ಬರೆದದ್ದು ಫೋನಿನಲ್ಲೇ ಉಳಿಯುತ್ತದೆಂಬ ನೆಚ್ಚಿಕೆಯಿಲ್ಲ. ಬಿಟ್ಟಿಯಾಗಿ ಸಿಗುವ ಆ್ಯಪ್‌ಗಳಲ್ಲಿ ಕೆಲವು ಬಳಸುವವರ ಮಾಹಿತಿಯನ್ನೇ ಸರಕು ಮಾಡಿಕೊಳ್ಳುತ್ತವೆ. ಇನ್ನು ಕೆಲವು ಎರಡನೆಯ ವಾರದಲ್ಲಿ ಯಾವುದೋ ಪುಡಿಯ ಡಬ್ಬಿಯನ್ನು ಮುಂದೊಡ್ಡುತ್ತವೆ. ವ್ಯಕ್ತಿಗತ ಮಾಹಿತಿಯ ರಕ್ಷಣೆಗೆಂದು ಸಂಸತ್ತು 2023ರಲ್ಲಿ ಕಾನೂನು ಮಾಡಿದೆಯಾದರೂ ಮನೆಯವರ ಎಚ್ಚರಕ್ಕೆ ಅದು ಬದಲಿಯಲ್ಲ. ಹೆಸರು, ವಿಳಾಸ, ಸಂಪರ್ಕಪಟ್ಟಿಗಳನ್ನು ಬೇಡುವ ಆ್ಯಪನ್ನು ದೂರವಿಡುವುದೇ ಲೇಸು. ಫೋನಿಗೆ ಬೀಗದ ಸಂಖ್ಯೆ ಹಾಕಬೇಕು. ವೈದ್ಯರಿಗೆ ಪುಟ ಕಳುಹಿಸುವಾಗ ಅದು ಕುಟುಂಬದ ವಾಟ್ಸಾಪ್ ಗುಂಪಿಗೆ ಹೋಗದಂತೆ ನೋಡಿಕೊಳ್ಳಬೇಕು.

ಮನೆಯೊಳಗಿನವರಿಗೆ ಮಾತ್ರ ಈ ಲೆಕ್ಕವನ್ನು ಮುಚ್ಚಿಡಬೇಕಾದ ಕಾರಣವಿಲ್ಲ. ಅಮ್ಮ ನಗುನಗುತ್ತ ಕಾಫಿ ಕೊಡುವುದನ್ನಷ್ಟೇ ಕಂಡ ಮಗ, ಸತತ ಹನ್ನೊಂದು ದಿನ ಬೆಳಗಿನ ಬಿಗಿತ ಎರಡು ಗಂಟೆ ಎಂದಿರುವುದನ್ನು ಓದಿದರೆ ಕುಕ್ಕರಿನ ಮುಚ್ಚಳಕ್ಕೆ ಏಳದೆ ಇರಲಾರ. “ನೀನು ಹೇಳಲೇ ಇಲ್ಲವಲ್ಲಮ್ಮ” ಎಂದಾನು. ಹೇಳುವ ಅಭ್ಯಾಸ ಆಕೆಗೆ ಇಲ್ಲದಿರುವುದರಿಂದಲೇ ಬರೆಯುವ ಅಗತ್ಯ ಬಂದದ್ದು. ಹಿಟ್ಟು ನಾದುವ ಕೆಲಸ ಗಂಡನ ಪಾಲಿಗೆ ಬಂದ ಮನೆಗಳೂ, ಸಂಜೆ ಸಾರಕ್ಕಿ ಕೆರೆಯ ದಂಡೆಯ ಮೇಲೆ ಆಕೆಯ ನಡಿಗೆಗೆ ತಕ್ಕಂತೆ ಹೆಜ್ಜೆ ನಿಧಾನಿಸಿದ ಮನೆಗಳೂ ಇಲ್ಲದಿಲ್ಲ.

ಕೊನೆಯದಾಗಿ ಪಾದಗಳ ಮಾತೊಂದುಂಟು. ವೈದ್ಯರು ಎಣಿಸುವ ಆ 28 ಕೀಲುಗಳಲ್ಲಿ ಕಾಲಿನ ಹಿಮ್ಮಡಿಗಂಟಾಗಲಿ ಪಾದದ ಬೆರಳುಗಳಾಗಲಿ ಸೇರಿಲ್ಲ. ಎಣಿಕೆ ಬೇಗ ಮುಗಿಯಲೆಂದು ಬಿಟ್ಟದ್ದು. ಆದರೆ ರೋಗ ಅವನ್ನು ಬಿಡುವುದಿಲ್ಲ. ಎಷ್ಟೋ ಜನರಲ್ಲಿ ಮೊದಲು ಊದುವುದೇ ಪಾದದ ಮುಂಭಾಗ. ಬೆಳಗ್ಗೆ ಹಾಸಿಗೆಯಿಂದಿಳಿದು ನೆಲಕ್ಕೆ ಕಾಲಿಟ್ಟಾಗ ಹರಳಿನ ಮೇಲೆ ನಡೆದಂತಾಗುತ್ತದೆಯೇ, ಹೋದ ವರ್ಷ ಕೊಂಡ ಚಪ್ಪಲಿ ಈಗ ಬಿಗಿಯಾಗಿದೆಯೇ ಎಂಬುದನ್ನು ಆ್ಯಪಿನ ಚಿತ್ರದಲ್ಲಿ ಜಾಗವಿಲ್ಲದಿದ್ದರೂ ಪಕ್ಕದಲ್ಲಿ ಬರೆದುಕೊಂಡು ಹೋಗಿ, ಚಪ್ಪಲಿ ಕಳಚಿ, ವೈದ್ಯರಿಗೆ ತೋರಿಸತಕ್ಕದ್ದು.